ಎರಡೂ ಒಂದೇ ಅಲ್ವಾ, ಆಂಟಿ?

ನಮ್ಮ ಅತ್ತೆಗೆ ಕೋಪ ಬರುವುದೇ ಇಲ್ಲ. ಹಾಲು ಉಕ್ಕಿದರೆ ಬರುವುದಿಲ್ಲ, ಸ್ಕೂಟರು ಪಂಕ್ಚರಾದರೆ ಬರುವುದಿಲ್ಲ, ಬಾಬುರಾಯನಕೊಪ್ಪಲಿನ ನಮ್ಮ ಮನೆಯ ಗೇಟಿಗೆ ಅಡ್ಡಲಾಗಿ ಯಾರೋ ಕಾರು ನಿಲ್ಲಿಸಿ ಬಸ್ಸು ಹತ್ತಿ ಮೈಸೂರಿಗೆ ಹೋಗಿಬಿಟ್ಟರೂ ಬರುವುದಿಲ್ಲ. ಆದರೆ ಅವಳ ಎದುರಿಗೆ ಒಂದೇ ಒಂದು ಸಲ ಕಂಪ್ಯೂಟರಿನ ಪ್ಲಗಿನ್ನನ್ನು ‘ಆಪ್’ ಎಂದು ಕರೆದು ನೋಡಿ! ಕರೆದವರನ್ನು ನಾನು ಕಂಡಿದ್ದೇನೆ. ಆಮೇಲಿಂದ ಅವರು ನಮ್ಮ ಬೀದಿ ಬಿಟ್ಟು ಹಿಂದಿನ ಬೀದಿಯಲ್ಲಿ ಸುತ್ತಿಕೊಂಡು ಓಡಾಡುತ್ತಾರೆ.

ಅತ್ತೆ ಎಂದರೆ ಗಂಡನ ತಾಯಿ ಎಂದುಕೊಳ್ಳಬೇಡಿ. ಇವಳು ನಮ್ಮಪ್ಪನ ತಂಗಿ. ಗಂಡ ಎನ್ನುವವನು ನನಗಿನ್ನೂ ಇಲ್ಲದ ಕಾಲದ ಕಥೆ ಇದು. ಇವಳ ದೆಸೆಯಿಂದ ಅವನು ಬರದೆಯೇ ಹೋಗುತ್ತಿದ್ದ ಕಥೆ ಎಂದರೂ ಸರಿಯೆ.

ನಮ್ಮದು ನಾಗಮಂಗಲದಲ್ಲಿ ಚಿನ್ನ ಬೆಳ್ಳಿಯ ಕೆಲಸ ಮಾಡಿಕೊಂಡು ಬಂದ ಮನೆ. ಅಪ್ಪ ಈಗಲೂ ಕುಲುಮೆಯ ಮುಂದೆ ಕೂರುತ್ತಾರೆ. ಅತ್ತೆ ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, “ಆ ವರ್ಷ ಸರ್ವರ್ರು ಕೈಕೊಟ್ಟಿತ್ತು ಕಣ್ರವ್ವ” ಎಂದು ಮಾತು ಮುಗಿಸುತ್ತಾಳೆ. ಓದುವುದಕ್ಕೆಂದು ಅವಳ ಮನೆಗೆ ಬಂದ ನಾನು ಓದು ಮುಗಿಸಿ, ಕಿರಂಗೂರಿನ ಶಾಲೆಯೊಂದರಲ್ಲಿ ಟೀಚರಾಗಿ, ಅವಳ ಜೊತೆಯಲ್ಲೇ ಉಳಿದುಬಿಟ್ಟೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ಊರಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಒಬ್ಬ ಸಾಹುಕಾರರಿದ್ದಾರೆ. ಅವರ ಅಂಗಡಿಗಳ ಕಂಪ್ಯೂಟರಿನ ಉಸ್ತುವಾರಿಯೆಲ್ಲ ಅತ್ತೆಯದು. ನಾಲ್ಕು ಅಂಗಡಿಯ ವ್ಯವಹಾರವೂ ಒಂದೇ ದೊಡ್ಡ ಸಾಫ್ಟ್‌ವೇರಿನ ಮೇಲೆ ನಡೆಯುತ್ತದೆ. ಅದಕ್ಕೆ ಪ್ಲಾಟ್‌ಫಾರಂ ಎಂದು ಹೆಸರು. ಇದನ್ನು ತಂದ ಹೊಸದರಲ್ಲಿ ಅತ್ತೆ ಪಾಂಡವಪುರದ ಅಂಗಡಿಗೆ ಹೋಗಿ, “ಇವತ್ತಿಂದ ನಮ್ಮ ಅಂಗಡಿ ಎಲ್ಲಾ ಪ್ಲಾಟ್‌ಫಾರಂ ಮ್ಯಾಲೆ” ಎಂದು ಹೆಮ್ಮೆಯಿಂದ ಸಾರಿದಳಂತೆ. ಫ್ರೇಮು ಒರೆಸುತ್ತಿದ್ದ ಹಳೆಯ ನೌಕರರೊಬ್ಬರು ತಲೆ ಎತ್ತಿ, “ಸ್ಟೇಸನ್ನಿಗಾ ಮೇಡಂ? ಅಲ್ಲಿ ಯಾರು ಕನ್ನಡಕ ತಗಂಡಾರು? ರೈಲು ನಿಲ್ಲಾದೇ ಗಳಿಗೆ ಹೊತ್ತು!” ಎಂದರಂತೆ. ಕೆ.ಆರ್. ಪೇಟೆಯದು ಇನ್ನೂ ಚೆಂದ. ಬಿಲ್ಲು ಪ್ರಿಂಟಾಗುತ್ತಿಲ್ಲ ಎಂದು ಅಲ್ಲಿಂದ ಫೋನು ಬಂತು. ಅತ್ತೆ ಇಲ್ಲಿಂದ, “ಪ್ರಿಂಟಿಂದು ಪ್ಲಗಿನ್ ತೆಗೆದು ಮತ್ತೆ ಹಾಕಿ” ಎಂದಳು. ಬಹಳ ಹೊತ್ತಾದ ಮೇಲೆ ಒಬ್ಬ ಏದುಸಿರು ಬಿಡುತ್ತಾ, “ತೆಗೆದೆ ಮೇಡಂ, ಗೋಡೆ ಬೋರ್ಡೂ ಕಿತ್ತು ಬಂತು” ಎಂದ!

ಆವತ್ತಿನಿಂದ ಅತ್ತೆ ಈ ಭೂಮಿಯ ಮೇಲೆ ಯಾರಿಗೂ ಆಪ್ ಎನ್ನುವ ಅಪ್ಲಿಕೇಶನ್ನಿಗೂ ಪ್ಲಗಿನ್ನಿಗೂ ಇರುವ ವ್ಯತ್ಯಾಸ ತಿಳಿಯದೆ ಉಳಿಯಬಾರದು ಎಂದು ತೀರ್ಮಾನ ಮಾಡಿದಳು. ಸೊಪ್ಪು ಮಾರಲು ಬಂದವರಿಗೆ ಹೇಳಿದಳು. ಗ್ಯಾಸು ತಂದವನಿಗೆ ಹೇಳಿದಳು. ನನಗೆ ಹೇಳಿದ್ದಕ್ಕಂತೂ ಲೆಕ್ಕವಿಲ್ಲ; ಪಲ್ಯಕ್ಕೆ ಹುರುಳಿಕಾಯಿ ಹೆಚ್ಚುವಾಗ, ಬಟ್ಟೆ ಮಡಿಸುವಾಗ, ನನಗೆ ಜ್ವರ ಬಂದು ಎದ್ದು ಓಡಲಾಗದೆ ಮಲಗಿದ್ದಾಗ.

“ನೋಡವ್ವ, ಕತ್ತು ಅನ್ನಾದು ಪ್ಲಾಟ್‌ಫಾರಂ. ಸರ ಅನ್ನಾದು ಅಪ್ಲಿಕೇಶನ್. ಅದನ್ನ ಅದೊಂದ್ನೇ ಕತ್ತಿಗೆ ಹಾಕ್ಕಬೌದು. ಪದಕ ಅನ್ನಾದು ಪ್ಲಗಿನ್. ಬರೀ ಪದಕ ಕತ್ತಿಗೆ ಹಾಕ್ಕಂಡು ಹೋಗು ನೋಡಾನ!”

“ಬಿದ್ದೋಗುತ್ತೆ ಅತ್ತೆ.”

“ಬೀಳ್ತದಲ್ಲಾ? ಅಷ್ಟೇಯ. ಬಿಲ್ಲು ಮಾಡಾದು ಅಪ್ಲಿಕೇಶನ್. ಅದುಕ್ಕೆ ಅದ್ರದ್ದೇ ಆದ ಪರದೆ ಅದೆ, ಅದ್ರದ್ದೇ ಮಾಹಿತಿ ಅದೆ. ಆ ಬಿಲ್ಲಿನ ಕೆಳೀಕೆ ದುಡ್ಡಿನ ಮೊತ್ತ ಕನ್ನಡ ಅಕ್ಷರದಲ್ಲಿ ಬತ್ತದಲ್ಲ, ಅದು ಪ್ಲಗಿನ್. ಅದನ್ನ ತೆಗೆದ್ಬುಟ್ರೂ ಬಿಲ್ಲು ಬತ್ತದೆ. ಬಿಲ್ಲಿನ ಅಪ್ಲಿಕೇಶನ್ನೇ ತೆಗೆದ್ಬುಟ್ರೆ ಪ್ಲಗಿನ್ನು ಎಲ್ಲಿ ನೇತಾಡಾದು? ಅಪ್ಲಿಕೇಶನ್ ಹೊಸದು ಬಂದ್ರೆ ಹಳೇ ಪ್ಲಗಿನ್ನು ಅದುಕ್ಕೆ ಕೂರ್ತದಾ ಇಲ್ವಾ ಅಂತ ನೋಡ್ಬೇಕು. ಸರ ಬದಲಾಯಿಸ್ದಾಗ ಪದಕದ ಕೊಂಡಿ ನೋಡಕಿಲ್ವಾ, ಅಂಗೆ.”

ಚಿನ್ನದ ಕೆಲಸದವರ ಮಗಳು, ಉದಾಹರಣೆಗೇನು ಕೊರತೆ? ಅಂಗಡಿಯಲ್ಲಿ ಒಬ್ಬ ಹುಷಾರಿ ಹುಡುಗಿ, “ಹಂಗಾರೆ ಕಿವಿಯೋಲೆ ಏನು ಮೇಡಂ?” ಎಂದು ಕೇಳಿದ್ದಕ್ಕೆ ಅತ್ತೆ ಒಂದು ಮಧ್ಯಾಹ್ನವಿಡೀ ಯೋಚಿಸಿ, ಸಂಜೆ ಅವಳ ಮನೆ ಹುಡುಕಿಕೊಂಡು ಹೋಗಿ, “ಕಿವಿ ಬೇರೆ ಪ್ಲಾಟ್‌ಫಾರಂ ಕಣವ್ವ” ಎಂದು ಹೇಳಿ ಬಂದಳು.

ಇಂಥ ಮನೆಗೆ ನನ್ನನ್ನು ನೋಡಲು ಹುಡುಗ ಬಂದ.

ಸಂಬಂಧ ತಂದವರು ಸಾಹುಕಾರರೇ. ಹುಡುಗ ಕೆ.ಆರ್. ಪೇಟೆಯವನು. ನಮ್ಮ ಪ್ಲಾಟ್‌ಫಾರಂ ಕೆಟ್ಟರೆ ಸರಿಮಾಡುವ ಮೈಸೂರಿನ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಅತ್ತೆ ಅವನ ಜೊತೆ ಫೋನಿನಲ್ಲಿ ಮಾತಾಡಿದ್ದಳು, ಮುಖ ನೋಡಿರಲಿಲ್ಲ. “ಒಳ್ಳೇ ಹುಡುಗ, ಫೋನೆತ್ತುತ್ತಾನೆ” ಎಂದು ಅಪ್ಪನಿಗೆ ಶಿಫಾರಸು ಮಾಡಿದವಳೂ ಅವಳೇ.

ಭಾನುವಾರ ಬಂದರು. ಹುಡುಗ, ಅವನ ತಾಯಿ. ನಾಗಮಂಗಲದಿಂದ ಅಪ್ಪ ಅಮ್ಮ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಆಯಿತು. ನಾನು ಕಾಫಿ ಕೊಡುವಾಗ ಲೋಟ ಅಲುಗಿತು. ಅವನು ಮೆಲ್ಲಗೆ, “ಪರ್ವಾಗಿಲ್ಲ, ನಂದೂ ಕೈ ನಡುಗ್ತಾ ಇದೆ” ಎಂದ. ನನಗೆ ಅಷ್ಟು ಸಾಕಾಗಿತ್ತು. ಹುಡುಗನ ತಾಯಿಗೂ ನಾನು ಒಪ್ಪಿಗೆಯಾದ ಹಾಗಿತ್ತು. ಎಲ್ಲರೂ ನಗುತ್ತಿದ್ದರು. ಆಗ ಅತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ ಅವನ ಪಕ್ಕಕ್ಕೆ ಸರಿದು ಕೂತು, ಬಹಳ ಪ್ರೀತಿಯಿಂದ ಕೇಳಿದಳು:

“ಅಲ್ಲಪ್ಪ, ನಿಮ್ಮ ಕಂಪನೀಲಿ ಈ ಅಪ್ಲಿಕೇಶನ್ಗೂ ಪ್ಲಗಿನ್ಗೂ ಇರೋ ವ್ಯತ್ಯಾಸ ಎಂಗೆ ಹೇಳ್ಕೊಡ್ತಾರೆ?”

ಪಾಪ, ಅವನಿಗೇನು ಗೊತ್ತು? ಹೆಣ್ಣಿನ ಕಡೆಯವರ ತಮಾಷೆ ಎಂದುಕೊಂಡ. ನಗುತ್ತಾ, “ಅಯ್ಯೋ, ಎರಡೂ ಒಂದೇ ಅಲ್ವಾ, ಆಂಟಿ?” ಎಂದುಬಿಟ್ಟ.

ಅತ್ತೆಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. “ಏನಂದೆ?”

“ಕೆಲ್ಸ ಆದ್ರೆ ಸಾಕಲ್ವಾ ಆಂಟಿ, ಹೆಸರು ಏನಾದ್ರೇನು?”

ಅತ್ತೆ ಎದ್ದಳು. ತಟ್ಟೆ ಒಳಗಿಟ್ಟು ಬಂದು, ಸೆರಗು ಸರಿಮಾಡಿಕೊಂಡು, ಅಪ್ಪನಿಗೆ ಹೇಳಿದಳು: “ಅಣ್ಣಾ, ಈ ಸಂಬಂಧ ಬ್ಯಾಡ. ಎರಡು ಬೇರೆ ಬೇರೆ ವಸ್ತುನ ಒಂದೇ ಅನ್ನೋನು ನಾಳೆ ನಮ್ಮ ಮಗೂಗೂ ಇನ್ನೊಬ್ಳಿಗೂ ವ್ಯತ್ಯಾಸ ಇಲ್ಲ ಅಂತಾನೆ.”

ಎಂಥ ತರ್ಕ ನೋಡಿ! ಹುಡುಗನ ತಾಯಿ ಬಾಯಿ ತೆರೆದವರು ಮುಚ್ಚಲಿಲ್ಲ. ಆಮೇಲೆ ಎಲೆಅಡಿಕೆಯನ್ನೂ ಮುಟ್ಟದೆ ಮಗನ ಕೈ ಹಿಡಿದು ಎಬ್ಬಿಸಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, “ನನ್ನ ಮಗ ಪರೀಕ್ಷೆ ಬರೆಯಾಕೆ ಬಂದಿರ್ಲಿಲ್ಲ ಕಣಮ್ಮ” ಎಂದು ಹೇಳಿ ಹೋದರು. ಹುಡುಗ ಚಪ್ಪಲಿ ಹಾಕಿಕೊಳ್ಳುವಾಗ ಒಂದು ಸಲ ನನ್ನ ಕಡೆ ನೋಡಿದ. ಎಡಗಾಲಿಗೆ ಬಲಗಾಲಿನ ಚಪ್ಪಲಿ ಸಿಕ್ಕಿಸಿಕೊಂಡೇ ಗೇಟಿನ ತನಕ ಹೋದ.

ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವಳೂ ಬಿಟ್ಟಳು. ಮನೆಯಲ್ಲಿ ಮಿಕ್ಸಿಯೊಂದೇ ಮಾತಾಡುತ್ತಿತ್ತು. ಒಂದು ದಿನ ಊಟಕ್ಕೆ ಕೂತಾಗ ಅವಳೇ ಸಾರು ಬಡಿಸುತ್ತಾ, “ನಿಂಗೆ ಅವ್ನು ಇಷ್ಟ ಆಗಿದ್ನಾ?” ಎಂದಳು. ನಾನು ಅನ್ನ ಕಲಸುತ್ತಾ ಕೂತೆ. “ಬುಡು” ಎಂದು, ಸಾರಿನ ಮೇಲೆ ಒಂದು ಸೌಟು ತುಪ್ಪ ಹಾಕಿದಳು. ತುಪ್ಪ ಕೇಳಿರಲಿಲ್ಲ ನಾನು.

ಇದಾದ ಮೇಲೆ ನಡೆದದ್ದು ಬಿಂಡಿಗನವಿಲೆಯ ಪ್ರಸಂಗ.

ಸಾಹುಕಾರರು ಬಿಂಡಿಗನವಿಲೆಯಲ್ಲಿ ವಯಸ್ಸಾದವರ ಕಣ್ಣು ತಪಾಸಣೆ ಮಾಡಿಸಿ, ಎಲ್ಲರಿಗೂ ಕನ್ನಡಕ ಮಾಡಿಸಿಕೊಡುತ್ತೇನೆಂದು ಒಪ್ಪಿಕೊಂಡಿದ್ದರು. ಕನ್ನಡಕಗಳು ನಾಗಮಂಗಲದ ಅಂಗಡಿಯಲ್ಲಿ ತಯಾರಾಗಿ, ಒಂದೊಂದು ಕವರಿನ ಮೇಲೆ ಒಂದೊಂದು ನಂಬರು ಹಾಕಿ ಪೆಟ್ಟಿಗೆಗೆ ಸೇರಿದ್ದವು. ಯಾವ ನಂಬರು ಯಾರದು ಎನ್ನುವುದೆಲ್ಲ ‘ಆರ್ಡರ್’ ಎಂಬ ಅಪ್ಲಿಕೇಶನ್ನಿನಲ್ಲಿತ್ತು. ಭಾನುವಾರ ಹಂಚುವುದು ಎಂದು ಊರಿಗೆಲ್ಲ ಹೇಳಿಯಾಗಿತ್ತು.

ಶನಿವಾರ ಪ್ಲಾಟ್‌ಫಾರಂ ಹೊಸ ಆವೃತ್ತಿಗೆ ಏರಬೇಕಿತ್ತು. ಅದಕ್ಕೆ ಹೊಂದದ ಹಳೆಯ ಪ್ಲಗಿನ್ನುಗಳನ್ನು ಮೊದಲೇ ತೆಗೆದುಬಿಡಿ ಎಂದು ಹುಡುಗನ ಕಂಪನಿಯಿಂದ ಸಂದೇಶ ಬಂತು. ಅಂಥವುಗಳಲ್ಲಿ ‘ಆರ್ಡರ್ ಮೆಸೇಜು’ ಎಂಬುದೂ ಒಂದು. ಕನ್ನಡಕ ತಯಾರಾದಾಗ ಗಿರಾಕಿಯ ಫೋನಿಗೆ ಸುದ್ದಿ ಕಳಿಸುವ ಪುಟ್ಟ ಪ್ಲಗಿನ್ನು. ನಾಗಮಂಗಲದ ಮ್ಯಾನೇಜರಿಗೆ ಕಂಪ್ಯೂಟರಿನಲ್ಲಿ ಕಾಣುವುದೆಲ್ಲ ಆಪೇ. ಅವರು ಹುಡುಗನಿಗೆ ಫೋನು ಮಾಡಿ, “ಸಾರ್, ಈ ಆರ್ಡರ್ ಅನ್ನಾ ಆಪು ತೆಗೀಲಾ?” ಎಂದು ಕೇಳಿದರು. ಹುಡುಗ ಪ್ಲಗಿನ್ನನ್ನೇ ಆಪು ಎನ್ನುತ್ತಿದ್ದಾರೆಂದುಕೊಂಡು, “ಹೂಂ, ತೆಗೀರಿ” ಎಂದ. ಮ್ಯಾನೇಜರು ಆರ್ಡರ್ ಅಪ್ಲಿಕೇಶನ್ನನ್ನೇ ಎತ್ತಿ ಬಿಸಾಕಿದರು, ಅದರೊಳಗಿದ್ದ ಮಾಹಿತಿಯ ಸಮೇತ!

“ತೆಗೆಯಾಕೆ ಮುಂಚೆ ಅದು ಕೇಳ್ಲಿಲ್ವಾ? ಇದ್ರ ಮಾಹಿತಿ ಎಲ್ಲಾ ಹೋಯ್ತದೆ, ಸರಿಯಾ ಅಂತ?” ಅತ್ತೆ ಫೋನಿನಲ್ಲಿ ಕೂಗಿದಳು.

“ಕೇಳ್ತು ಮೇಡಂ. ಅಷ್ಟು ಮರ್ಯಾದೆಯಾಗಿ ಕೇಳ್ದಾಗ ಎಂಗೆ ಇಲ್ಲ ಅನ್ನಾದು ಅಂತ, ಸರಿ ಅಂದ್ಬುಟ್ಟೆ.”

ಅತ್ತೆಯ ಹತ್ತಿರ ಎಲ್ಲದರದ್ದೂ ಒಂದು ಪ್ರತಿ ಇರುತ್ತದೆ. ಆದರೆ ಅದನ್ನು ಮತ್ತೆ ತುಂಬಿ ನಿಲ್ಲಿಸಲು ಸೋಮವಾರವಾಗುತ್ತಿತ್ತು. ಸಾಹುಕಾರರು, ಹಂಚುವುದನ್ನು ಮುಂದಕ್ಕೆ ಹಾಕೋಣ ಎಂದರು. ಅತ್ತೆ ಒಪ್ಪಲಿಲ್ಲ. “ಕಣ್ಣು ಕಾಣದೋರು ಅಕ್ಕಪಕ್ಕದ ಹಳ್ಳಿಯಿಂದ ಕೈ ಹಿಡ್ಕಂಡು ಬಂದು ಕೂತಿರ್ತಾರೆ. ಇನ್ನೊಂದಿನ ಬನ್ನಿ ಅಂತ ಯಾವ ಬಾಯಲ್ಲಿ ಹೇಳಾದು?” ಎಂದವಳೇ, ಭಾನುವಾರ ಬೆಳಗ್ಗೆ ನನ್ನನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ನಾಗಮಂಗಲಕ್ಕೆ ಹೊರಟಳು. ಮಾತು ಬಿಟ್ಟಿದ್ದೇವೆ ಎನ್ನುವುದು ಅವಳಿಗೂ ನೆನಪಿರಲಿಲ್ಲ, ನನಗೂ.

ಅಂಗಡಿಯ ಮುಂದೆ ಆ ಹುಡುಗ ನಿಂತಿದ್ದ. ಯಾರೂ ಕರೆದಿರಲಿಲ್ಲ. ಸುದ್ದಿ ತಿಳಿದು ಕೆ.ಆರ್. ಪೇಟೆಯಿಂದ ಮೊದಲ ಬಸ್ಸಿಗೇ ಬಂದಿದ್ದ.

“ನಂದೇ ತಪ್ಪು ಆಂಟಿ,” ಎಂದ.

ಅತ್ತೆ ಹೆಲ್ಮೆಟ್ಟು ತೆಗೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. “ತಪ್ಪೂ ಸರಿನೂ ಎರಡೂ ಒಂದೇ ಅಲ್ವೇನಪ್ಪ?”

ಅವನು ತಲೆ ತಗ್ಗಿಸಿದ. ಆದರೆ ಹೋಗಲಿಲ್ಲ. ಪೆಟ್ಟಿಗೆ ಎತ್ತಿ ಅಂಗಡಿಯ ವ್ಯಾನಿಗೆ ಇಟ್ಟು, ತಾನೂ ಹತ್ತಿ ಕೂತ.

ಬಿಂಡಿಗನವಿಲೆಯ ಶಾಲೆಯ ಜಗುಲಿಯ ಮೇಲೆ ಜನ ಆಗಲೇ ಸೇರಿದ್ದರು. ನಿಮ್ಮ ನಂಬರಿನ ಚೀಟಿ ಕೊಡಿ ಎಂದರೆ ಒಬ್ಬರ ಹತ್ತಿರವೂ ಇಲ್ಲ. “ಚೀಟಿನಾ? ಅದ್ರಲ್ಲಿ ನಶ್ಯ ಕಟ್ಟಿಟ್ಟಿದ್ದೆ ಕಣವ್ವ” ಎಂದಿತು ಒಂದು ಅಜ್ಜಿ. ಅತ್ತೆ ಸೀರೆ ಎತ್ತಿ ಕಟ್ಟಿ ನಿಂತಳು. ಕವರಿನ ಮೇಲೆ ನಂಬರಿನ ಜೊತೆ ಗಾಜಿನ ಪವರೂ ಬರೆದಿತ್ತು, ಅದನ್ನು ನೋಡಿ ಓದುವ ಕನ್ನಡಕ ಒಂದು ಕಡೆ, ದೂರದ್ದು ಒಂದು ಕಡೆ ಗುಡ್ಡೆ ಹಾಕಿಸಿದಳು. ಹತ್ತಿರದ ನೋಟಕ್ಕೆ ಸೂಜಿಗೆ ದಾರ ಪೋಣಿಸುವುದು, ದೂರದ ನೋಟಕ್ಕೆ ಎದುರು ದಿಣ್ಣೆಯ ಮೇಲೆ ಮೇಯುತ್ತಿದ್ದ ಕುರಿ ಎಣಿಸುವುದು. ಸೋಮವಾರ ಮಾಹಿತಿ ಬಂದ ಮೇಲೆ ತಾಳೆ ನೋಡಿ, ತಪ್ಪಿದ್ದರೆ ಬದಲಾಯಿಸಿಕೊಡುವುದು. ಇದು ಅವಳ ಹೊಸ ಪ್ಲಾಟ್‌ಫಾರಂ!

ಆ ದಿನ ನಾನು ನಕ್ಕಷ್ಟು ಯಾವತ್ತೂ ನಕ್ಕಿಲ್ಲ. ಒಬ್ಬ ತಾತನಿಗೆ ಕನ್ನಡಕ ಹಾಕಿ, “ಕುರಿ ಎಷ್ಟವೆ ತಾತ?” ಎಂದು ಹುಡುಗ ಕೇಳಿದ. ತಾತ ಬಹಳ ಹೊತ್ತು ನೋಡಿ, “ಎಷ್ಟಾರೂ ಇರ್ಲಿ, ಅವು ನಮ್ಮವಲ್ಲ. ನನ್ನ ಮಗ ಮೇಯ್ಸೋ ಕುರಿ ಇಷ್ಟು ಸಣ್ಣಗಿಲ್ಲ” ಎಂದ. ಹುಡುಗ ಕನ್ನಡಕ ಬದಲಾಯಿಸಿದ. “ಈಗ?” ತಾತ ಎದ್ದು ನಿಂತುಬಿಟ್ಟ. “ಅಯ್ಯೋ ನಮ್ಮವೇ ಕಣ್ಲಾ! ಅವ್ನು ಎಲ್ಲಿಗೆ ಬುಟ್ಟವ್ನೆ ನೋಡು, ಪಕ್ಕದೋರ ಹುರುಳಿ ಹೊಲಕ್ಕೆ!” ಎಂದು ಕೂಗುತ್ತಾ ಓಡಿದ. ಆ ಕನ್ನಡಕ ಅವನದೇ ಎಂದು ಅತ್ತೆ ಗುರುತು ಹಾಕಿಕೊಂಡಳು.

ಇನ್ನೊಬ್ಬಾಕೆ ಕನ್ನಡಕ ಏರಿಸಿಕೊಂಡು ಪಕ್ಕದಲ್ಲಿದ್ದ ಗಂಡನನ್ನು ನೋಡಿದಳು. ತೆಗೆದಳು, ಒರೆಸಿದಳು, ಮತ್ತೆ ಹಾಕಿಕೊಂಡು ನೋಡಿದಳು. “ಇವ್ರು ಯಾವಾಗವ್ವ ಇಷ್ಟು ಮುದುಕ್ರಾದ್ರು?” ಎಂದು ನನ್ನನ್ನು ಕೇಳಿದಳು. ಗಂಡ ತನ್ನ ಕನ್ನಡಕ ಹಾಕಿಕೊಳ್ಳುತ್ತಾ, “ಇರು, ನಾನೂ ನೋಡ್ತೀನಿ” ಎಂದ. ನೋಡಿದ ಮೇಲೆ ಪುಣ್ಯಾತ್ಮ ಏನೂ ಹೇಳಲಿಲ್ಲ.

ನಾನು ನಗುತ್ತಾ ನಗುತ್ತಾ ನೋಡುತ್ತಿದ್ದುದು ಬೇರೊಂದನ್ನು. ಆ ಹುಡುಗ ಒಬ್ಬೊಬ್ಬರ ಮುಂದೆಯೂ ಮಂಡಿ ಊರಿ ಕೂರುತ್ತಿದ್ದ. ಗಾಜನ್ನು ತನ್ನ ಅಂಗಿಯ ಚುಂಗಿನಲ್ಲಿ ಒರೆಸಿ, ಕಡ್ಡಿ ಕಿವಿಗೆ ಚುಚ್ಚದ ಹಾಗೆ ಬೆರಳು ಅಡ್ಡ ಕೊಟ್ಟು ಮೆಲ್ಲಗೆ ಸೇರಿಸುತ್ತಿದ್ದ. ಸರಿಹೋಗದಿದ್ದರೆ ಇನ್ನೊಂದು, ಮತ್ತೂ ಇನ್ನೊಂದು. ಒಬ್ಬ ಅಜ್ಜಿಗೆ ಯಾವುದೂ ಸರಿಹೋಗದೆ ಅಳು ಬಂದಾಗ, “ಪೆಟ್ಟಿಗೆ ಖಾಲಿ ಆಗಿಲ್ಲ ಅಜ್ಜಿ, ನಿಮ್ಮದು ಇಲ್ಲೇ ಎಲ್ಲೋ ಅದೆ” ಎಂದು ಹುಡುಕಿಯೇ ಹುಡುಕಿದ. ಕೊನೆಗೆ ಆಕೆ ಸೂಜಿಗೆ ದಾರ ಪೋಣಿಸಿದಾಗ ಅವನ ಮುಖ ನೋಡಬೇಕಿತ್ತು! ಅತ್ತೆಯೂ ನೋಡುತ್ತಿದ್ದಳು. ಕೈಯಲ್ಲಿ ಕವರು ಹಿಡಿದು ಸುಮ್ಮನೆ ನಿಂತಿದ್ದಳು. ಅವಳು ಸುಮ್ಮನೆ ನಿಂತದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಹುಡುಗ ತಾನಾಗಿಯೇ, “ಆಂಟಿ, ಎರಡೂ ಒಂದೇ ಅಲ್ಲ. ಈಗ ಗೊತ್ತಾಯ್ತು” ಎಂದ. ಅತ್ತೆ ಕಿಟಕಿಯ ಕಡೆ ನೋಡುತ್ತಾ, “ಗೊತ್ತಾಯ್ತಲ್ಲ, ಬುಡು” ಎಂದಳು. ಆಮೇಲೆ, “ನಿಮ್ಮವ್ವ ಮನೇಲಿ ಯಾವಾಗ ಇರ್ತಾರೆ?” ಎಂದು ಕೇಳಿದಳು.

ಮುಂದಿನ ರಜಾದಿನ ಅತ್ತೆಯೂ ನಾನೂ ಕೆ.ಆರ್. ಪೇಟೆಗೆ ಹೋದೆವು. ಹೆಣ್ಣಿನ ಕಡೆಯವರು ಹೀಗೆ ತಾವಾಗಿ ಹೋಗುವುದುಂಟೇ ಎಂದು ಅಮ್ಮ ಗೊಣಗಿದ್ದರು. ಅತ್ತೆ ಕೇಳಲಿಲ್ಲ.

ಹುಡುಗನ ತಾಯಿ ನೀರು ಕೊಟ್ಟರು, ಕುರ್ಚಿ ಕೊಟ್ಟರು, ಮುಖ ಮಾತ್ರ ಕೊಡಲಿಲ್ಲ. “ನಿಮ್ಮ ಹುಡುಗಿ ಒಳ್ಳೇವ್ಳು, ನನ್ನ ಮಗನೂ ಆಸೆ ಪಡ್ತಾವ್ನೆ. ಆದ್ರೆ ನಾಲ್ಕು ಜನದ ಎದುರಿಗೆ ಅವನಿಗೇನೂ ಗೊತ್ತಿಲ್ಲ ಅಂತ ಬ್ಯಾಡ ಅಂದ್ರಲ್ಲ, ಅದು ನನ್ನ ಹೊಟ್ಟೇಲಿ ಕೂತದೆ. ಅಪ್ಪ ಇಲ್ದೇ ಬೆಳೆದ ಹುಡುಗ. ಅವನು ಓದಿದ್ದನ್ನ ನಾನು ಕಣ್ಣಲ್ಲಿ ಕಂಡಿದೀನಿ. ಅವನು ಹೇಳಿದ್ದು ಅಷ್ಟು ದೊಡ್ಡ ತಪ್ಪಾ?”

ನಾನು ಅತ್ತೆಯ ಮುಖ ನೋಡಿದೆ. ಈಗ ಕತ್ತು, ಸರ, ಪದಕ ಎಲ್ಲ ಹೊರಗೆ ಬರುತ್ತವೆ, ನನ್ನ ಮದುವೆ ಎರಡನೆಯ ಸಲ ಮುರಿಯುತ್ತದೆ ಎಂದುಕೊಂಡು ಸೆರಗು ಬಿಗಿಹಿಡಿದು ಕೂತೆ.

ಅತ್ತೆ ಕುರ್ಚಿಯಿಂದ ಎದ್ದು, ಆಕೆಯ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು.

“ತಪ್ಪೇನಿಲ್ಲ ಕಣಕ್ಕ. ನಿಮ್ಮ ಮಗ ಹೇಳಿದ್ದೇ ಸರಿ. ನನಗೇ ಸರಿಯಾಗಿ ಗೊತ್ತಿರ್ಲಿಲ್ಲ. ಅಪ್ಲಿಕೇಶನ್ನು, ಪ್ಲಗಿನ್ನು, ಎರಡೂ ಒಂದೇಯ.”

ಬಾಗಿಲಲ್ಲಿ ನಿಂತಿದ್ದ ಹುಡುಗ ಬೆಚ್ಚಿಬಿದ್ದ. “ಇಲ್ಲ ಆಂಟಿ, ಎರಡೂ ಬೇರೆ...”

“ನೀ ಸುಮ್ಕಿರ್ಲಾ!” ಎಂದು ಅತ್ತೆ ಗದರಿದ ರಭಸಕ್ಕೆ ಹುಡುಗನ ತಾಯಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣೊರೆಸಿಕೊಂಡು ಒಳಗೆ ಹೋಗಿ ಕುಂಕುಮದ ಬಟ್ಟಲು ತಂದರು.

ಸಂಜೆ ಹೊರಟೆವು. ಪಾಂಡವಪುರ ದಾಟಿದೆವು. ದಾರಿಯ ಎರಡೂ ಕಡೆ ಕಬ್ಬು. ನಾಲೆಯ ಏರಿಯ ಹತ್ತಿರ ಅತ್ತೆ ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟು ತೆಗೆದು ನಾಲೆಯ ನೀರು ನೋಡುತ್ತಾ ನಿಂತಳು.

“ಸುಳ್ಳು ಹೇಳ್ಬುಟ್ಟೆ ಕಣೆ,” ಎಂದಳು.

“ಗೊತ್ತು ಅತ್ತೆ.”

“ಅವ್ನಿಗೆ ನೀನು ಸರಿಯಾಗಿ ಹೇಳ್ಕೊಡು.” ನನ್ನ ಕಡೆ ತಿರುಗದೆಯೇ ಮತ್ತೆ ಹೇಳಿದಳು: “ಅಂಗಡಿಯೋರು ಸಂಬಳಕ್ಕೆ ಕೇಳ್ತಾರೆ. ಸೊಪ್ಪಿನವ್ಳು ಯಾಪಾರಕ್ಕೆ ಕೇಳ್ತಾಳೆ. ಇಷ್ಟು ವರ್ಷ ನಾ ಹೇಳಿದ್ದನ್ನೆಲ್ಲಾ ಸುಮ್ಕೆ ಕೂತು ಕೇಳ್ದೋಳು ನೀನೊಬ್ಳೇಯ. ನೀ ಹೋದ್ಮೇಲೆ ನಾ ಯಾರಿಗೆ ಹೇಳ್ಲಿ?”

ಹತ್ತಿರ ಹೋಗಿ ಅವಳ ತೋಳು ಹಿಡಿದುಕೊಂಡೆ.

“ಅತ್ತೆ, ಇನ್ನೊಂದ್ಸಲ ಹೇಳು. ನಂಗೆ ಇನ್ನೂ ಸರಿಯಾಗಿ ಅರ್ಥ ಆಗಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು, ಮೂಗು ಒರೆಸಿಕೊಂಡು, ಸ್ಕೂಟರು ಹತ್ತಿದಳು. “ಕೂತ್ಕೊ. ಸರಿಯಾಗಿ ಕೇಳುಸ್ಕೊ ಮತ್ತೆ” ಎಂದು ಮೊದಲಿನಿಂದ ಶುರುಮಾಡಿದಳು. ಗಾಳಿಗೆ ಅರ್ಧ ಮಾತು ಹಾರಿಹೋಗುತ್ತಿತ್ತು. ನಾನು ಅವಳ ಸೊಂಟ ಬಳಸಿ, ಬೆನ್ನಿಗೆ ಕೆನ್ನೆಯಿಟ್ಟು ಕೂತೆ. ಬೆನ್ನೊಳಗಿಂದ ಅವಳ ದನಿ ಕೇಳುತ್ತಿತ್ತು. ಸ್ಕೂಟರನ್ನು ಅವಳು ಎಂದಿಗಿಂತ ನಿಧಾನವಾಗಿ ಓಡಿಸುತ್ತಿದ್ದಳು.